ಹದಿನೈದನೆಯವಳು

ಕೋವಿಡ್ ಫಾರ್ಮಿನಲ್ಲಿ ಜೋಯ್ಸ್ ‘ಕೆಮ್ಮು ಇದೆ’ ಎಂದು ಬರೆದದ್ದನ್ನು ಕಂಡು ಕಾಲೇಜಿನ ಹಾಕಿ ತಂಡದ ನಾಯಕಿ ಶ್ರೀಲಕ್ಷ್ಮಿ ಸಿಡಿದಳು.

“ಇವತ್ತೇ ಬರ್ಬೇಕಿತ್ತಾ ನಿನ್ನ ಕೆಮ್ಮು? ಎಕ್ಸ್‌ಟ್ರಾ ಆಟಗಾರ್ತಿಯರೂ ಸೇರಿ ಹದಿನೈದು ಜನ ಇಲ್ಲ ಅಂದ್ರೆ ದೊಡ್ಡ ಲೀಗಿಗೆ ನಮ್ಮ ಕಾಲೇಜನ್ನ ಸೇರಿಸ್ಕೊಳ್ಳಲ್ಲ. ಹೊಡೆದು ಹಾಕು ಅದನ್ನ.”

“ಆಗಲ್ಲ ಕಣೇ. ಇನ್ಯಾರಿಗಾದ್ರೂ ಅಂಟಿದ್ರೆ?”

“ಹಾಗಾದ್ರೆ ತೊಲಗು.”

ಜೋಯ್ಸ್ ಬೇಲಿಯಾಚೆ ಹೋಗಿ ನಿಂತಳು. ಹುಡುಗಿಯೊಬ್ಬಳು ಅವಳ ಬ್ಯಾಗನ್ನು ಕಾಲಿನಿಂದಲೇ ಆಚೆ ತಳ್ಳಿದಳು.

ಕಾಲೇಜಿರುವ ವಾಟರ್‌ಫರ್ಡ್ ಊರಿನವರೆಗೂ ತಂಡವನ್ನು ನೋಡಲೆಂದೇ ಬಂದಿದ್ದ ಲೀಗಿನ ಅಧಿಕಾರಿ ಮಾಸ್ಕ್ ಸರಿಮಾಡಿಕೊಂಡು ತಲೆ ಎಣಿಸಿದರು. “ಹದಿನಾಲ್ಕೇ ಇದೆ. ಇನ್ನೊಬ್ಬಳು ಯಾಕೆ ಬಂದಿಲ್ಲ?”

ಎಲ್ಲರೂ ಬೇಲಿಯತ್ತ ತಿರುಗಿದರು. ಯಾರೋ ಜೋಯ್ಸಳತ್ತ ಬೆರಳನ್ನೂ ತೋರಿಸಿದರು.

ಶ್ರೀಲಕ್ಷ್ಮಿ ಜೋಯ್ಸಳ ಫಾರ್ಮನ್ನು ಮಡಚಿ ತನ್ನ ಕಾಲುಚೀಲದೊಳಗೆ ತುರುಕಿದಳು. “ನಾನು ಕರೆದದ್ದೇ ಹದಿನಾಲ್ಕು ಜನರನ್ನ,” ಎಂದಳು. “ತಪ್ಪು ನನ್ನದು.”