ಎಣ್ಣೆ ಕ್ಯಾನಿನ ಕುಂಕುಮದ ಗೆರೆ

ಅದು ಬೇಸಿಗೆ ರಜೆಯೋ ದಸರೆ ರಜೆಯೋ, ನಾನು ತಪ್ಪಾಗಿ ನೆನೆಯುತ್ತಿರಬಹುದು. ಆದರೆ ಶೇಂಗಾ ಎಣ್ಣೆ ಕಾಯುವ ವಾಸನೆ ಬಂದರೆ ಈಗಲೂ ಕೂಡ್ಲಿಗಿಯ ನಮ್ಮ ಅಡುಗೆಮನೆಯ ಆ ಮಧ್ಯಾಹ್ನವೇ ಕಣ್ಣಿಗೆ ಬರುತ್ತದೆ.

ತಿಂಗಳ ಸಾಮಾನು ತಂದ ದಿನವೇ ಅವ್ವ ಎಣ್ಣೆಯ ಕ್ಯಾನಿನ ಮೇಲೆ ಒದ್ದೆ ಕುಂಕುಮದಿಂದ ವಾರಕ್ಕೊಂದು ಗೆರೆ ಎಳೆಯುತ್ತಿದ್ದಳು. ವಾರ ಮುಗಿಯುವ ಮೊದಲು ಎಣ್ಣೆ ಆ ಗೆರೆಗಿಂತ ಕೆಳಗಿಳಿಯುವಂತಿರಲಿಲ್ಲ. ಅವತ್ತು ವಾರ ಮುಗಿಯುವ ಮೊದಲೇ ಎಣ್ಣೆ ಗೆರೆ ಮುಟ್ಟಿತ್ತು. ಅಷ್ಟರಲ್ಲಿ ಹರಪನಹಳ್ಳಿಯಿಂದ ಅಪ್ಪನ ಅಕ್ಕ ಬಂದರು. ಅವ್ವ ಮಂಡಕ್ಕಿ ಒಗ್ಗರಣೆ ಮಾಡಿ, ಮಿರ್ಚಿಗೆ ಹಿಟ್ಟು ಕಲಸತೊಡಗಿದಳು. ಅತ್ತೆ ಕ್ಯಾನಿನ ಕಡೆ ನೋಡಿದರು ಅಂತ ನನಗೆ ಅನ್ನಿಸುತ್ತದೆ.

"ಮಿರ್ಚಿ ಬ್ಯಾಡ ಬಿಡವ್ವ, ಕರಿದದ್ದು ತಿಂದ್ರ ಎದಿ ಉರಿತೈತಿ."

"ನಮ್ಮ ಮನ್ಯಾಗ ಎಣ್ಣಿಗೇನು ಬರ ಬಂದಿಲ್ರಿ ಅಕ್ಕಾರ, ಸುಮ್ನ ಕುಂದರ್ರಿ" ಎಂದು ಅವ್ವ ಬಾಣಲೆಗೆ ಎಣ್ಣೆ ಸುರಿದೇಬಿಟ್ಟಳು. ಅತ್ತೆ ಒಂದೇ ಮಿರ್ಚಿ ತಿಂದು ಕೈ ತೊಳೆದರು.

ಅವರು ಹೋದ ಮೇಲೆ ಅವ್ವ ಸೆರಗಿನಿಂದ ಗೆರೆ ಒರೆಸಿ, ಇನ್ನಷ್ಟು ಕೆಳಗೆ ಹೊಸದನ್ನು ಎಳೆದಳು. "ಸಂಬಳ ಬರೋತನಕ ಇಷ್ಟರಾಗ ದೂಡಬೇಕು ನೋಡು. ನಿಮ್ಮಪ್ಪಗ ಹೇಳಬ್ಯಾಡ" ಎಂದು ಗೋಡೆಗೆ ಒರಗಿ ಕೂತಳು.

ಮೊನ್ನೆ ನಮ್ಮ ಮನೆಯಲ್ಲಿ ಅದೇ ಅತ್ತೆ ಬಿಸಿ ಮಿರ್ಚಿಯನ್ನು ಒಂದರ ಮೇಲೊಂದು ತಿನ್ನುತ್ತಿದ್ದಾಗ ಕೇಳಿದೆ. ಅವರು ನೀರಿನ ಲೋಟ ಎತ್ತಿಕೊಂಡರು. ನಾನು ಕೇಳಿದ್ದು ಇಷ್ಟೇ:

"ಅತ್ತೀ, ಅವತ್ತು ನಿಮಗ ಖರೇನ ಎದಿ ಉರಿ ಇತ್ತೇನ್ರಿ?"