ತುಂಡು ಬೋಲ್ಟು

ಬೋಲ್ಟಿನ ತಲೆ ಮಾತ್ರ ಕಿತ್ತು ಅವಳ ಕೈಯ ಸ್ಪ್ಯಾನರಿನ ಜೊತೆ ಬಂತು. ಮೈಯೆಲ್ಲ ಕಾರಿನ ನೀರಿನ ಪಂಪಿನೊಳಗೇ ಉಳಿಯಿತು. ಅದೇ ಹೊತ್ತಿಗೆ ಗಂಡನ ಫೋನು. ಹಡಗಿನ ಇಂಜಿನ್ ಕೋಣೆಯಲ್ಲಿ ಕೆಲಸ ಮಾಡುವ ಅವನದು ದಿನವೂ ಒಂದೇ ಪಾಠ: "ಊಟ ಆಯ್ತಾ? ಸರಿ, ಇಡ್ಲಾ?" ಇವತ್ತು ಬೋಲ್ಟು ಮುರಿದ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಫೋನು ಇಡುವ ಮಾತೇ ಇಲ್ಲ.

"ತುಂಡಿನ ನಡುವೆ ತೂತು ಕೊರೆದ್ಯಾ? ಈಗ ಆ ಉಲ್ಟಾ ತಿರುಪಿನ ಮೊಳೆ, ಎಕ್ಸ್‌ಟ್ರಾಕ್ಟರ್, ಅದರೊಳಕ್ಕೆ ಬಡಿದು ಎಡಕ್ಕೆ ತಿರುಗಿಸು. ನಿಧಾನ ಮಹಾರಾಯ್ತಿ, ಅದು ನನ್ನ ಕಿವಿ ಅಲ್ಲ!"

"ನಿಮ್ಮ ಕಿವಿ ಕೈಗೆ ಸಿಕ್ಕಿದ್ರೆ ತಾನೇರೀ ಹಿಂಡೋದು?" ಎಂದಳು ಅವಳು.

ಅವನು ತನ್ನ ಮೇಲಧಿಕಾರಿಯ ಗೊಗ್ಗರು ದನಿ ತೆಗೆದು ಬೋಲ್ಟನ್ನೇ ಗದರಿದ: "ಏಯ್, ಮರ್ಯಾದೆಯಾಗಿ ಹೊರಗೆ ಬಾ. ಇಲ್ಲಾಂದ್ರೆ ರಜಾ ಕ್ಯಾನ್ಸಲ್!" ಅವಳು ಹೊಟ್ಟೆ ಹಿಡಿದು ನಕ್ಕಳು. ನಗುತ್ತಲೇ ತಿರುಗಿಸಿದಳು. ತುಂಡು ಒಮ್ಮೆ ಕಿರ್ರೆಂದು, ಆಮೇಲೆ ಸಲೀಸಾಗಿ ಸುತ್ತಿಕೊಂಡು ಆಚೆ ಬಂತು. ಎಕ್ಸ್‌ಟ್ರಾಕ್ಟರಿನಿಂದ ಬಿಡಿಸುವಾಗ ಎಣ್ಣೆಗೈಯಿಂದ ಜಾರಿ ತಗಡಿನ ತಟ್ಟೆಗೆ ಟಣ್ಣೆಂದು ಬಿತ್ತು.

"ಬಂತಾ?"

ಅವಳು ತುಂಡನ್ನು ಎತ್ತಿ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಳು. "ಇಲ್ಲಾರೀ. ಅಲ್ಲಾಡ್ತಾನೇ ಇಲ್ಲ."

ಇಂಜಿನ್ನಿನ ಯಾವ ತಿರುಪು ಸಡಿಲವಾಗಿದೆ ಎಂದು ಸದ್ದಿನಲ್ಲೇ ಹೇಳಬಲ್ಲ ಗಂಡ ಅವನು. ಆ ಕಡೆಯಿಂದ ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು.

"ಇಂಥವು ಅಷ್ಟು ಸುಲಭಕ್ಕೆ ಬರಲ್ಲ ಬಿಡು," ಎಂದ ಅವನು, ಈಗ ತನ್ನದೇ ದನಿಯಲ್ಲಿ. "ಇನ್ನೊಂಚೂರು ಎಣ್ಣೆ ಬಿಟ್ಟು ಕಾಯೋಣ. ಅಲ್ಲೀ ತನಕ ಏನಾದ್ರೂ ಮಾತಾಡ್ತಿರು."