ಮೊದಲ ಕುಂಕುಮ

ಯಂತ್ರಗಳು ಹಟಮಾರಿಗಳಾದ ಮೇಲೆ, ಆಯುಧಪೂಜೆಯಲ್ಲಿ ಮೊದಲ ಕುಂಕುಮ ಇಟ್ಟ ಕೈಗಷ್ಟೇ ಅವು ಸ್ಟಾರ್ಟ್ ಆಗುತ್ತಿದ್ದವು. ವಿಮಾನ ತಳ್ಳುವ ಟ್ರ್ಯಾಕ್ಟರಿಗೆ ಕುಂಕುಮವಿಟ್ಟ ಮೆಕ್ಯಾನಿಕ್ ಮೋನಪ್ಪನಿಗೆ ಹಾಗಾಗಿ ರಜೆಯೇ ಇರಲಿಲ್ಲ. ತಾಯಿ ಸತ್ತಾಗಲೂ ನಿಲ್ದಾಣ ಬಿಟ್ಟು ಹೋಗಲಾಗಲಿಲ್ಲ. ಒಂದು ದಿನವೂ ಕೆಡದಂತೆ ನೋಡಿಕೊಂಡ ತಪ್ಪಿಗೆ, ಆ ದರಿದ್ರದ್ದು ಗುಜರಿಗೆ ಹೋಗಲು ಹತ್ತೊಂಬತ್ತು ವರ್ಷ ಹಿಡಿಯಿತು.

ಈ ಆಯುಧಪೂಜೆಯ ಬೆಳಿಗ್ಗೆ ಅವನು ಕೊನೆಗೂ ಬ್ಯಾಗು ಹೆಗಲಿಗೇರಿಸಿ ಊರಿಗೆ ಹೊರಟಾಗ, ಹೊಸ ಟ್ರ್ಯಾಕ್ಟರಿನ ಸುತ್ತ ಎಲ್ಲರೂ ಕೈ ಹಿಂದೆ ಕಟ್ಟಿ ನಿಂತಿದ್ದರು. ಕುಂಕುಮದ ಬಟ್ಟಲು ಹೊಸದಾಗಿ ಕೆಲಸಕ್ಕೆ ಸೇರಿದ ವಿನುತಾಳ ಕೈಗೆ ಬಂದಿತ್ತು.

“ಇಡಮ್ಮ, ವಿಮಾನ ಕಾಯ್ತಾ ಉಂಟು,” ಎಂದರು ಮ್ಯಾನೇಜರು.

“ಮನೆಯಲ್ಲಿ ಹಾಲು ಕುಡಿಯುವ ಮಗು ಉಂಟು ಸಾರ್.”

ಮೋನಪ್ಪ ಬ್ಯಾಗು ಕೆಳಗಿಟ್ಟ. “ಇಲ್ಲಿ ಕೊಡು ಮಾರಾಯ್ತಿ.”

ಕುಂಕುಮ ತಾಗಿದ್ದೇ ತಡ, ಟ್ರ್ಯಾಕ್ಟರು ಸಾಕಿದ ನಾಯಿಯ ಹಾಗೆ ಅವನತ್ತ ಮೂತಿ ತಿರುಗಿಸಿತು.